ಕಲಿಯುವ ಯಂತ್ರ, ಕಲಿಯುವ ವಿದ್ಯಾರ್ಥಿ



‘ಕೃತಕ ಬುದ್ಧಿಮತ್ತೆ’ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಇದು ಬೆಂಗಳೂರಿನ ಗಾಜಿನ ಕಟ್ಟಡಗಳಿಗೆ ಸೇರಿದ ವಿಷಯ, ಶಿರಾ ತಾಲ್ಲೂಕಿನ ಹುಲಿಕುಂಟೆಯಲ್ಲಿ ಹತ್ತನೆಯ ತರಗತಿ ಓದುವ ಹುಡುಗಿಗೆ ಇದರಿಂದ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದು ಎಲ್ಲರಿಗಿಂತ ಹೆಚ್ಚಾಗಿ ಆ ಹುಡುಗಿಗೇ ಸಂಬಂಧಿಸಿದ ವಿಷಯ. ಅದು ಹೇಗೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಮೊದಲು ಈ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯೋಣ. ಹುಲಿಕುಂಟೆ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕುಂಟೆ ಎಂದರೆ ನೀರು ನಿಲ್ಲುವ ಸಣ್ಣ ಕೊಳ. ಹೊಲದಲ್ಲಿ ಎತ್ತು ಕಟ್ಟಿ ಎಳೆಸುವ ಸಲಕರಣೆಗೂ ಕುಂಟೆ ಎಂದೇ ಹೆಸರು. ‘ಮಳೆಗೆ ಕುಂಟೆ ತುಂಬಿತು’ ಎಂದರೆ ಒಂದು ಅರ್ಥ. ‘ಬೆಳಿಗ್ಗೆಯೇ ಕುಂಟೆ ಹೊಡೆದ’ ಎಂದರೆ ಇನ್ನೊಂದು. ನೀವು ಅರ್ಥ ಹಿಡಿಯುವುದು ಅಕ್ಕಪಕ್ಕದ ಪದಗಳಿಂದ, ಜೊತೆಗೆ ಹೊಲವನ್ನು ಕಂಡ ಅನುಭವದಿಂದ. ಯಂತ್ರಕ್ಕೆ ಹೊಲ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಕ್ಕಪಕ್ಕದ ಪದಗಳು ಮಾತ್ರ. ಕೋಟ್ಯಂತರ ವಾಕ್ಯಗಳನ್ನು ಜಾಲಾಡಿ, ಯಾವ ಪದದ ಜೊತೆಗೆ ಯಾವ ಪದ ಬರುತ್ತದೆ ಎಂಬ ಲೆಕ್ಕವನ್ನು ಅದು ಇಟ್ಟುಕೊಂಡಿರುತ್ತದೆ. ಪ್ರಶ್ನೆ ಕೇಳಿದಾಗ ಆ ಲೆಕ್ಕದ ಆಧಾರದ ಮೇಲೆ ಒಂದೊಂದೇ ಪದವನ್ನು ಪೋಣಿಸುತ್ತ ಹೋಗುತ್ತದೆ. 2017ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ರೂಪಿಸಿದ ‘ಟ್ರಾನ್ಸ್‌ಫಾರ್ಮರ್’ ಎಂಬ ವಿನ್ಯಾಸ ಇದಕ್ಕೆ ತಳಹದಿ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಈ ತಂತ್ರ ಸಾಮಾನ್ಯರ ಕೈಗೂ ಬಂತು.

ಹೀಗೆ ಪೋಣಿಸುವ ಯಂತ್ರದ ಮಾತು ನಿರರ್ಗಳವಾಗಿರುತ್ತದೆ. ಆದರೆ ಸರಿ ಉತ್ತರವನ್ನೂ ತಪ್ಪು ಉತ್ತರವನ್ನೂ ಅದು ಒಂದೇ ಧೈರ್ಯದಲ್ಲಿ ಹೇಳುತ್ತದೆ. ಇಂಗ್ಲಿಷಿಗೆ ಹೋಲಿಸಿದರೆ ಕನ್ನಡದಲ್ಲಿ ಅದಕ್ಕೆ ಓದಲು ಸಿಕ್ಕಿರುವ ಬರಹ ಬಹಳ ಕಡಿಮೆ. ಆದ್ದರಿಂದ ಕನ್ನಡದಲ್ಲಿ ಎಡವುವುದೂ ಹೆಚ್ಚು. ದೂರದರ್ಶನದ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ನನಗೆ ಇದು ದಿನನಿತ್ಯದ ಅನುಭವ. ಸಂದರ್ಶನದ ಮಾತನ್ನೆಲ್ಲ ಕೇಳಿ ಬರೆದುಕೊಳ್ಳಲು ಹಿಂದೆ ಒಂದು ಇಡೀ ದಿನ ಹಿಡಿಯುತ್ತಿತ್ತು. ಈಗ ಯಂತ್ರ ಕೆಲವೇ ನಿಮಿಷಗಳಲ್ಲಿ ಬರೆದು ಕೊಡುತ್ತದೆ. ಆದರೆ ಊರಿನ ಹೆಸರು, ಬೆಳೆಯ ಹೆಸರು, ಹಳ್ಳಿಯ ಮಾತಿನ ಸೊಗಡು ಬಂದಲ್ಲಿ ಅದನ್ನು ತಿದ್ದಲು ಆ ಸೀಮೆಯನ್ನು ಬಲ್ಲವರೇ ಬೇಕು.

ಈಗ ಓದಿನ ವಿಷಯಕ್ಕೆ ಬರೋಣ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಪ್ರೌಢಶಾಲೆಯೊಂದರ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳೊಂದಿಗೆ ಗಣಿತದಲ್ಲಿ ಒಂದು ಪ್ರಯೋಗ ನಡೆಸಿ 2024ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿ ಮಾತ್ರ. ಎರಡನೆಯ ಗುಂಪಿಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರ. ಮೂರನೆಯ ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಯಂತ್ರ. ಅಭ್ಯಾಸದ ಲೆಕ್ಕಗಳಲ್ಲಿ ಮೊದಲ ಗುಂಪಿಗಿಂತ ಎರಡನೆಯದು ಶೇ. 48ರಷ್ಟು, ಮೂರನೆಯದು ಶೇ. 127ರಷ್ಟು ಮುಂದಿದ್ದವು. ಆಮೇಲೆ ಯಂತ್ರವನ್ನು ತೆಗೆದಿಟ್ಟು ಪರೀಕ್ಷೆ ಮಾಡಿದರು. ಉತ್ತರ ಪಡೆದು ಅಭ್ಯಾಸವಾಗಿದ್ದ ಎರಡನೆಯ ಗುಂಪು, ಪುಸ್ತಕ ಓದಿದವರಿಗಿಂತ ಶೇ. 17ರಷ್ಟು ಕೆಳಗಿಳಿಯಿತು. ಸುಳಿವು ಪಡೆದವರು ಪುಸ್ತಕ ಓದಿದವರಿಗೆ ಹೆಚ್ಚುಕಡಿಮೆ ಸಮನಾಗಿ ನಿಂತರು.

ಈ ಫಲಿತಾಂಶವನ್ನು ಎರಡು ಬಾರಿ ಯೋಚಿಸಿ. ಉತ್ತರವನ್ನು ನಕಲು ಮಾಡಿದವರು ಕಲಿಯಲಿಲ್ಲ, ಆದರೆ ಕಲಿತೆವೆಂದು ನಂಬಿದ್ದರು. ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದ ವರ್ಷ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿದದ್ದು ನಿಮಗೆ ನೆನಪಿರಬಹುದು. ಎರವಲು ತಂದ ಉತ್ತರ ಎಲ್ಲಿಯವರೆಗೆ ಜೊತೆಗೆ ಬರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನೊಂದು ಮಾತು: ಮನೆಯಲ್ಲಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿದ್ದು, ಪುಸ್ತಕವನ್ನಷ್ಟೇ ನಂಬಿ ಓದುವ ವಿದ್ಯಾರ್ಥಿ ಎದೆಗುಂದಬೇಕಾಗಿಲ್ಲ. ಆ ಪರೀಕ್ಷೆಯಲ್ಲಿ ಯಂತ್ರವಿದ್ದವರು ಯಾರೂ ಅವನನ್ನು ಮೀರಲಿಲ್ಲ.

ಹಾಗೆಂದು ಯಂತ್ರವನ್ನು ಮುಟ್ಟಲೇಬಾರದೆ? ಹಾಗಲ್ಲ. ಟ್ಯೂಷನ್ ಇಲ್ಲದ ಊರಿನಲ್ಲಿ, ರಾತ್ರಿ ಒಂಬತ್ತು ಗಂಟೆಗೆ ಸಂಶಯ ಬಂದರೆ ಕೇಳಲು ಯಾರಿದ್ದಾರೆ? ಅಲ್ಲಿ ಇದು ನಿಜವಾದ ನೆರವು. ಆದರೆ ಮೊದಲು ಲೆಕ್ಕವನ್ನು ನೀವೇ ಮಾಡಿ. ಆಮೇಲೆ ‘ಉತ್ತರ ಹೇಳಬೇಡ, ನಾನು ಎಲ್ಲಿ ತಪ್ಪಿದೆ ಎಂಬುದರ ಸುಳಿವು ಕೊಡು’ ಎಂದು ಕೇಳಿ. ಪಾಠ ಓದಿದ ಮೇಲೆ ಪ್ರಶ್ನೆ ಕೇಳುವ ಕೆಲಸವನ್ನು ಅದಕ್ಕೆ ಕೊಡಿ, ಉತ್ತರಿಸುವ ಕೆಲಸ ನಿಮ್ಮದಾಗಲಿ. ಅದು ಹೇಳಿದ್ದನ್ನು ಪಠ್ಯಪುಸ್ತಕದೊಂದಿಗೆ ಹೋಲಿಸಿ ನೋಡಿ. ಸಂಶಯ ಉಳಿದರೆ ಮಾರನೆಯ ದಿನ ಮೇಷ್ಟ್ರನ್ನು ಕೇಳಿ.

ಇನ್ನು ಉದ್ಯೋಗ. ಇಲ್ಲಿ ಸಿಹಿಮಾತು ಆಡುವುದು ನ್ಯಾಯವಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಪದವಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದ ಅನೇಕರಿಗೆ ಮೊದಲ ಮೆಟ್ಟಿಲಾದದ್ದು ಅಂಕಿಅಂಶ ತುಂಬುವುದು, ಕಾಲ್ ಸೆಂಟರ್, ಸರಳ ಪ್ರೋಗ್ರಾಂ ಬರೆಯುವುದು ಮುಂತಾದ ಕೆಲಸಗಳು. ಯಂತ್ರ ಮೊದಲು ಕೈಹಾಕುತ್ತಿರುವುದೂ ಇವುಗಳಿಗೇ. ಮೆಟ್ಟಿಲೇ ಸವೆದರೆ ಹತ್ತುವುದು ಹೇಗೆ?

ಹಿಂದೆ ನಡೆದದ್ದನ್ನು ನೋಡೋಣ. ಒಂದು ಕಾಲಕ್ಕೆ ಪಹಣಿಯನ್ನು ಗ್ರಾಮ ಲೆಕ್ಕಿಗರು ಕೈಯಲ್ಲೇ ಬರೆದು ಕೊಡುತ್ತಿದ್ದರು. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಹೋದವು. 2002ರ ಹೊತ್ತಿಗೆ ತಾಲ್ಲೂಕು ಕಛೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ಬರೆಯುವ ಕೆಲಸ ಹೋಯಿತು. ಆದರೆ ಹೊಲಕ್ಕೆ ಹೋಗಿ ಬೆಳೆ ಯಾವುದೆಂದು ನೋಡುವ, ತಕರಾರು ಕೇಳುವ ಕೆಲಸ ಉಳಿಯಿತು. ಸಾಮಾನ್ಯವಾಗಿ ಹೀಗೇ ಆಗುತ್ತದೆ: ಹುದ್ದೆಯೊಳಗಿನ ಯಾಂತ್ರಿಕ ಭಾಗ ಕಳಚಿ, ವಿವೇಚನೆಯ ಭಾಗ ಉಳಿಯುತ್ತದೆ.

ಹೊಸ ಕೆಲಸಗಳೂ ನಮ್ಮ ನೆರೆಯಲ್ಲೇ ಹುಟ್ಟುತ್ತಿವೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ದೊಡ್ಡ ಸೌರ ಉತ್ಪಾದಕರು 15 ನಿಮಿಷಕ್ಕೊಂದರಂತೆ, ದಿನದ 96 ಅವಧಿಗಳಿಗೂ ಎಷ್ಟು ವಿದ್ಯುತ್ ಕೊಡುತ್ತೇವೆಂದು ಮುಂಚಿತವಾಗಿ ತಿಳಿಸಬೇಕು. ಮೋಡ ಬಂದರೆ ಲೆಕ್ಕ ತಪ್ಪುತ್ತದೆ. ಇಂಥ ಅಂದಾಜಿಗೆ ಹಿಂದಿನ ದಿನಗಳ ಆಕಾಶವನ್ನೂ ಉತ್ಪಾದನೆಯನ್ನೂ ‘ಓದಿ’ ಕಲಿಯುವ ಯಂತ್ರಗಳನ್ನು ಜಗತ್ತಿನೆಲ್ಲೆಡೆ ಬಳಸುತ್ತಿದ್ದಾರೆ. ಅದನ್ನು ನಡೆಸುವವರಿಗೆ ಬೇಕಾದದ್ದು ಸಂಖ್ಯಾಶಾಸ್ತ್ರ, ಭೌತಶಾಸ್ತ್ರ ಮತ್ತು ಹವಾಮಾನದ ತಿಳಿವಳಿಕೆ.

ಕಡಲೆಕಾಯಿಯ ಉದಾಹರಣೆ ಇನ್ನೂ ಹತ್ತಿರದ್ದು. 2016ರ ಮುಂಗಾರಿನಲ್ಲಿ ಇಕ್ರಿಸ್ಯಾಟ್ ಸಂಸ್ಥೆ, ಮೈಕ್ರೋಸಾಫ್ಟ್ ಜೊತೆಗೂಡಿ ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದ 175 ರೈತರಿಗೆ ಬಿತ್ತನೆಯ ಸಮಯವನ್ನು ಮೊಬೈಲ್ ಸಂದೇಶದಲ್ಲಿ ತಿಳಿಸಿತು. ಹಿಂದಿನ 30 ವರ್ಷಗಳ ಹವಾಮಾನವನ್ನು ಯಂತ್ರ ಲೆಕ್ಕಹಾಕಿತ್ತು. ಹೆಕ್ಟೇರಿಗೆ ಸರಾಸರಿ ಶೇ. 30ರಷ್ಟು ಹೆಚ್ಚು ಇಳುವರಿ ಬಂತೆಂದು ಸಂಸ್ಥೆ ವರದಿ ಮಾಡಿತು. ಇಂಥ ಸಲಹೆ ನಮ್ಮ ಮಣ್ಣಿಗೆ, ನಮ್ಮ ಮಳೆಗೆ ಹೊಂದುವುದೋ ಇಲ್ಲವೋ ಎಂದು ಪರೀಕ್ಷಿಸಿ ರೈತರಿಗೆ ಅವರ ಮಾತಿನಲ್ಲೇ ವಿವರಿಸಲು, ವಿಜ್ಞಾನ ಓದಿದ ರೈತರ ಮಕ್ಕಳಿಗಿಂತ ಯೋಗ್ಯರು ಯಾರು?

ಆದ್ದರಿಂದ ಮಿತ್ರರೆ, ಯಂತ್ರ ಬಳಸುವುದನ್ನು ಮಾತ್ರ ಕಲಿತರೆ ಸಾಲದು. ಯಾವುದಾದರೂ ಒಂದು ವಿಷಯವನ್ನು ಬೇರುಮಟ್ಟ ಕಲಿಯಿರಿ. ಗಣಿತವನ್ನು ಬಿಡಬೇಡಿ. ಇಂಗ್ಲಿಷ್ ಕಲಿಯಿರಿ, ಕನ್ನಡವನ್ನು ಸ್ಪಷ್ಟವಾಗಿ, ತಪ್ಪಿಲ್ಲದೆ ಬರೆಯುವುದನ್ನೂ ರೂಢಿಸಿಕೊಳ್ಳಿ. ಯಂತ್ರ ಕೊಟ್ಟ ಉತ್ತರ ತಪ್ಪೆಂದು ಹೇಳಬಲ್ಲವರಿಗೆ ಮುಂದೆಯೂ ಕೆಲಸವಿರುತ್ತದೆ. ಹಾಗೆ ಹೇಳುವ ಶಕ್ತಿ ಬರುವುದು ನೀವೇ ಕುಳಿತು ಓದಿದ, ನೀವೇ ಬಿಡಿಸಿದ ಲೆಕ್ಕಗಳಿಂದ. ಇವತ್ತಿನ ಮನೆಗೆಲಸದಿಂದಲೇ ಅದು ಶುರುವಾಗಲಿ.