ಕಂಪ್ಯೂಟರಿನಲ್ಲಿ ಜಾಹೀರಾತು ಕಳೆ ಮತ್ತು ಅದರ ಹತೋಟಿ



ಹೊಲದಲ್ಲಿ ಜೇಕು ಬಿದ್ದರೆ ಅದನ್ನು ಕಳೆಯುವುದು ಎಷ್ಟು ಕಷ್ಟವೆಂಬುದು ಎಲ್ಲರಿಗೂ ತಿಳಿದ ವಿಷಯ. ಮೇಲಿನ ಹುಲ್ಲನ್ನು ಎಷ್ಟು ಸಲ ಕಿತ್ತರೂ ಮಣ್ಣಿನೊಳಗೆ ಗಡ್ಡೆ ಉಳಿದಿರುವ ತನಕ ಅದು ಮತ್ತೆ ಚಿಗುರುತ್ತದೆ. ಈಗ ಅನೇಕ ರೈತರ ಮನೆಗಳಲ್ಲಿ ಕಂಪ್ಯೂಟರ್ ಇದೆ. ಪಹಣಿ ನೋಡಲು, ಮಾರುಕಟ್ಟೆ ಧಾರಣೆ ತಿಳಿಯಲು, ಬ್ಯಾಂಕಿನ ವ್ಯವಹಾರಕ್ಕೆ, ಮಕ್ಕಳ ಓದಿಗೆ ಅದು ಬಳಕೆಯಾಗುತ್ತಿದೆ. ಈ ಕಂಪ್ಯೂಟರಿಗೂ ಜೇಕಿನಂಥದೇ ಒಂದು ಕಳೆ ಹತ್ತುತ್ತದೆ. ಕರೆಯದೆ ಬಂದು ಜಾಹೀರಾತು ತೋರಿಸುವ ತಂತ್ರಾಂಶಕ್ಕೆ ಆಡ್‌ವೇರ್ ಎಂದು ಹೆಸರು. ಕ್ರೋಮ್, ಎಡ್ಜ್ ಮುಂತಾದ ಬ್ರೌಸರುಗಳ ಲಗಾಮು ಹಿಡಿದು ಬೇರೆ ದಾರಿಗೆ ಎಳೆಯುವ ತಂತ್ರಾಂಶಕ್ಕೆ ಬ್ರೌಸರ್ ಹೈಜಾಕರ್ ಎನ್ನುತ್ತಾರೆ. ಇವೆರಡೂ ಹೆಚ್ಚಾಗಿ ಜೊತೆಯಾಗಿಯೇ ಇರುತ್ತವೆ.

ಲಕ್ಷಣಗಳು

ಬ್ರೌಸರ್ ತೆರೆದ ಕೂಡಲೇ ಗೊತ್ತಿಲ್ಲದ ಪುಟ ಬರುತ್ತದೆ. ಒಂದನ್ನು ಹುಡುಕಿದರೆ ಮತ್ತೊಂದು ತಾಣಕ್ಕೆ ಹೋಗುತ್ತದೆ. ಪರದೆಯ ಮೂಲೆಯಲ್ಲಿ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ’ ಎಂಬ ಸುಳ್ಳು ಎಚ್ಚರಿಕೆಗಳು ಪುಟಿಯುತ್ತವೆ. ಯಂತ್ರ ನಿಧಾನವಾಗುತ್ತದೆ. ಸರಿಪಡಿಸಿದ ಮುಖಪುಟ ಮರುದಿನ ಮತ್ತೆ ಬದಲಾಗಿದ್ದರೆ ಒಳಗೆ ಗಡ್ಡೆ ಉಳಿದಿದೆ ಎಂದೇ ತಿಳಿಯಬೇಕು.

ಹಾನಿ

ಇದು ಬರೀ ಜಾಹೀರಾತಿನ ಕಿರಿಕಿರಿ ಎಂದು ಸುಮ್ಮನಿರುವುದು ತಪ್ಪು. 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ರೈತರ ಖಾತೆಗೆ ಬರುತ್ತದೆ. ಕಂತು ಬಂದಿದೆಯೇ ಎಂದು ಹುಡುಕುವ ರೈತನನ್ನು ಇಂಥ ತಂತ್ರಾಂಶ ಸರ್ಕಾರದ ತಾಣವನ್ನೇ ಹೋಲುವ ನಕಲಿ ಪುಟಕ್ಕೆ ಒಯ್ಯಬಹುದು. ಅಲ್ಲಿ ಆಧಾರ್ ಸಂಖ್ಯೆ, ಖಾತೆ ಸಂಖ್ಯೆ, ಓಟಿಪಿ ಕೊಟ್ಟರೆ ಖಾತೆಯಲ್ಲಿರುವ ಬೆಳೆಸಾಲದ ಹಣಕ್ಕೂ ಸಂಚಕಾರ ಬರುತ್ತದೆ.

ಇನ್ನೊಂದು ನಿದರ್ಶನ ಹೊರದೇಶದ್ದು. ಲೆನೊವೊ ಕಂಪನಿ 2014ರಲ್ಲಿ ಮಾರಿದ ಕೆಲವು ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ಮೊದಲೇ ಹಾಕಲಾಗಿತ್ತು. 2015ರ ಫೆಬ್ರವರಿಯಲ್ಲಿ ಅದರ ಅಪಾಯ ಬಯಲಾಯಿತು. ಬ್ಯಾಂಕಿನಂಥ ತಾಣಗಳೊಡನೆ ನಡೆಯುವ ವ್ಯವಹಾರಕ್ಕಿರುವ ಬೀಗವನ್ನೇ ಅದು ಸಡಿಲಗೊಳಿಸುತ್ತಿತ್ತು. ತಂತ್ರಾಂಶವನ್ನು ತೆಗೆದುಹಾಕಿದರೂ ಅದು ನೆಟ್ಟಿದ್ದ ಭದ್ರತಾ ಪ್ರಮಾಣಪತ್ರ ಒಳಗೇ ಉಳಿಯುತ್ತಿತ್ತು. ಅದನ್ನು ಬೇರೆಯಾಗಿ ಕೀಳಬೇಕಾಯಿತು. ಮೇಲಿನದನ್ನು ಕಿತ್ತರೆ ಸಾಲದು, ಬುಡವನ್ನೂ ತೆಗೆಯಬೇಕು ಎಂಬುದೇ ಇದರ ಪಾಠ.

ಹರಡುವ ಬಗೆ

ಕಲಬೆರಕೆ ಬಿತ್ತನೆ ಬೀಜದೊಡನೆ ಕಳೆ ಹೊಲ ಸೇರುವಂತೆ ಇದು ಉಚಿತ ತಂತ್ರಾಂಶಗಳ ಜೊತೆಯಲ್ಲಿ ಬರುತ್ತದೆ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ, ಮುದ್ರಣಯಂತ್ರದ ಡ್ರೈವರ್, ಸಿನಿಮಾ ಹಾಡು ಇವುಗಳನ್ನು ಸಿಕ್ಕ ಸಿಕ್ಕ ತಾಣದಿಂದ ಇಳಿಸಿಕೊಂಡು, ಓದದೆ ‘ನೆಕ್ಸ್ಟ್’ ಒತ್ತುತ್ತ ಹೋದಾಗ ಬೇಡದ್ದೂ ಒಳಗೆ ಬರುತ್ತದೆ. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂಬ ಮಾತಿಗೆ ಮರುಳಾದರೂ ಜಾಹೀರಾತಿಗೆ ಬಾಗಿಲು ತೆರೆದಂತೆಯೇ.

ಹತೋಟಿ ಕ್ರಮಗಳು

ಕೆಲಸ ಮುಗಿಯುವವರೆಗೆ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು. ಮುಖ್ಯ ಕಾಗದಪತ್ರ ಮತ್ತು ಫೋಟೋಗಳ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದಿಡಬೇಕು. ಮುಂದಿನ ಕ್ರಮಗಳು ವಿಂಡೋಸ್ ಕಂಪ್ಯೂಟರ್ ಮತ್ತು ಕ್ರೋಮ್ ಬ್ರೌಸರಿಗೆ ಸಂಬಂಧಿಸಿದವು. ಇವುಗಳನ್ನು ಅನುಕ್ರಮವಾಗಿ ಕೈಗೊಳ್ಳಬೇಕು.

1. ಮೊದಲು ಕ್ರೋಮಿನಲ್ಲಿ ಗೂಗಲ್ ಖಾತೆಯ ಸಿಂಕ್ ನಿಲ್ಲಿಸಬೇಕು. ಇಲ್ಲವಾದರೆ ಕಾಲುವೆ ನೀರಿನೊಡನೆ ಕಳೆಬೀಜ ಬಂದಂತೆ, ಕಿತ್ತದ್ದು ಖಾತೆಯ ಮೂಲಕ ಮರಳಿ ಬರುತ್ತದೆ.

2. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ಸ್’ ವಿಭಾಗ ತೆರೆದು, ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ ನೋಡಬೇಕು. ತೊಂದರೆ ಶುರುವಾದ ದಿನಗಳಲ್ಲಿ ಬಂದ ಅಪರಿಚಿತ ತಂತ್ರಾಂಶವನ್ನು ‘ಅನ್‌ಇನ್‌ಸ್ಟಾಲ್’ ಮಾಡಬೇಕು. ಇಂಟೆಲ್, ರಿಯಲ್‌ಟೆಕ್, ವಿಷುಯಲ್ ಸಿ++ ಎಂಬ ಹೆಸರಿನವು ಸಾಮಾನ್ಯವಾಗಿ ಯಂತ್ರಕ್ಕೆ ಬೇಕಾದವು. ಕಳೆಯೆಂದು ಪೈರನ್ನೇ ಕೀಳಬಾರದು.

3. ಕ್ರೋಮಿನ ‘ಎಕ್ಸ್‌ಟೆನ್ಶನ್ಸ್’ ಪುಟದಲ್ಲಿ ಬೇಡದವನ್ನು ತೆಗೆಯಬೇಕು. ‘ಸೈಟ್ ಸೆಟ್ಟಿಂಗ್ಸ್’ ಒಳಗಿನ ‘ನೋಟಿಫಿಕೇಶನ್ಸ್’ ಪಟ್ಟಿಯಲ್ಲಿರುವ ಗೊತ್ತಿಲ್ಲದ ತಾಣಗಳನ್ನೂ ಅಳಿಸಬೇಕು. ಮೂಲೆಯಲ್ಲಿ ಪುಟಿಯುವ ಜಾಹೀರಾತು ಅನೇಕ ವೇಳೆ ಇಷ್ಟರಿಂದಲೇ ನಿಲ್ಲುತ್ತದೆ.

4. ಎಕ್ಸ್‌ಟೆನ್ಶನ್ ತೆಗೆಯಲು ಬಾರದೆ, ಮನೆಯ ಕಂಪ್ಯೂಟರಿನಲ್ಲೂ ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’ ಎಂಬ ಮಾತು ಕಂಡರೆ, ಯಾವುದೋ ತಂತ್ರಾಂಶ ಕ್ರೋಮಿಗೆ ಕಟ್ಟಳೆ ಹಾಕಿದೆ ಎಂದರ್ಥ. ಕೆಲವು ಆಂಟಿವೈರಸ್‌ಗಳಿಂದಲೂ ಈ ಮಾತು ಬರುತ್ತದೆ, ಹೆದರಬೇಕಾಗಿಲ್ಲ. ಆದರೆ ಕಾರಣ ತಿಳಿಯದಿದ್ದರೆ ಇದೇ ಗಡ್ಡೆಯಿರಬಹುದು. ಇದು ವಿಂಡೋಸಿನ ರಿಜಿಸ್ಟ್ರಿಯಲ್ಲಿ ಇರುತ್ತದೆ. ರಿಜಿಸ್ಟ್ರಿಯಲ್ಲಿ ತಪ್ಪಾದರೆ ಯಂತ್ರವೇ ನಿಲ್ಲಬಹುದಾದ್ದರಿಂದ, ಅದರ ಪ್ರತಿ ತೆಗೆದಿಟ್ಟುಕೊಂಡು ಬಲ್ಲವರಿಂದಲೇ ಈ ಕೆಲಸ ಮಾಡಿಸಬೇಕು.

5. ಇನ್ನೂ ಮೂರು ಕಡೆ ಗಡ್ಡೆ ಅಡಗಿರುತ್ತದೆ. ಒಂದು, ಪರದೆಯ ಮೇಲಿನ ಬ್ರೌಸರ್ ಚಿತ್ರ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ ‘ಟಾರ್ಗೆಟ್’ ಸಾಲು ಕಾಣುತ್ತದೆ. ಆ ಸಾಲಿನ ಕೊನೆಯಲ್ಲಿ ಯಾವುದಾದರೂ ತಾಣದ ವಿಳಾಸ ಅಂಟಿದ್ದರೆ ಅಳಿಸಬೇಕು. ಎರಡು, ‘ಟಾಸ್ಕ್ ಶೆಡ್ಯೂಲರ್’. ಇಂತಿಷ್ಟು ಹೊತ್ತಿಗೊಮ್ಮೆ ಆಡ್‌ವೇರನ್ನು ಮತ್ತೆ ಎಬ್ಬಿಸುವ ಆದೇಶ ಇಲ್ಲಿರುತ್ತದೆ. ಮೂರು, ‘ಪ್ರಾಕ್ಸಿ’ ಸೆಟ್ಟಿಂಗ್. ಮನೆಯಲ್ಲಿ ಯಾರೂ ಹಾಕದ ಪ್ರಾಕ್ಸಿ ಇದ್ದರೆ ಅದನ್ನು ಆಫ್ ಮಾಡಬೇಕು.

6. ಅನಂತರ ವಿಂಡೋಸಿನೊಡನೆಯೇ ಬರುವ ಮೈಕ್ರೋಸಾಫ್ಟ್ ಡಿಫೆಂಡರಿನ ‘ಆಫ್‌ಲೈನ್ ಸ್ಕ್ಯಾನ್’ ನಡೆಸಬೇಕು. ಸುಮಾರು 15 ನಿಮಿಷ ಹಿಡಿಯುತ್ತದೆ. ವಿಂಡೋಸ್ ಪೂರ್ಣವಾಗಿ ಏಳುವ ಮೊದಲೇ ಇದು ಹುಡುಕುವುದರಿಂದ ಅಡಗಿದವೂ ಸಿಕ್ಕಿಬೀಳುತ್ತವೆ. ಮಾಲ್‌ವೇರ್‌ಬೈಟ್ಸ್ ಕಂಪನಿಯ ಆಡ್‌ಡಬ್ಲ್ಯೂಕ್ಲೀನರ್ ಎಂಬ ಉಚಿತ ಸಾಧನವೂ ಈ ಕೆಲಸಕ್ಕೆಂದೇ ಇದೆ. ಅದನ್ನು ಆ ಕಂಪನಿಯ ತಾಣದಿಂದಲೇ ಪಡೆಯಬೇಕು.

7. ಕೊನೆಗೆ ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್’ ಮಾಡಬೇಕು. ಇದರಿಂದ ಬುಕ್‌ಮಾರ್ಕ್‌ಗಳೂ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅಳಿಯುವುದಿಲ್ಲ. ಅನೇಕರು ಇದನ್ನೇ ಮೊದಲು ಮಾಡಿ, ಮರುದಿನ ಕಾಟ ಮರುಕಳಿಸಿತೆಂದು ಬೇಸರಪಡುತ್ತಾರೆ. ಗಡ್ಡೆ ತೆಗೆದ ಮೇಲೆಯೇ ನೆಲ ಹದ ಮಾಡಬೇಕು.

ಎರಡು ಮೂರು ಸಲ ಯಂತ್ರವನ್ನು ಆರಿಸಿ ಹಚ್ಚಿ, ಒಂದು ವಾರ ಗಮನಿಸಬೇಕು. ಕಾಟ ಮರಳದಿದ್ದರೆ ಕೆಲಸ ಕೈಗೂಡಿದೆ ಎನ್ನಬಹುದು. ಮರಳಿ ಬಂದರೆ ವಿಂಡೋಸನ್ನೇ ಹೊಸದಾಗಿ ಹಾಕುವುದು ಲೇಸು. ಅನಂತರ ಬ್ಯಾಂಕು ಮತ್ತು ಇ-ಮೇಲಿನ ಪಾಸ್‌ವರ್ಡ್‌ಗಳನ್ನು ಬದಲಾಯಿಸಬೇಕು.

ಮುಂಜಾಗ್ರತೆ

ತಂತ್ರಾಂಶವನ್ನು ತಯಾರಿಸಿದವರ ತಾಣದಿಂದಲೇ ಪಡೆಯಬೇಕು. ಹಾಕುವಾಗ ‘ಕಸ್ಟಮ್’ ಆಯ್ಕೆ ಇದ್ದರೆ ಅದನ್ನು ಆರಿಸಿ, ಬೇಡದವುಗಳ ಗುರುತು ತೆಗೆಯಬೇಕು. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಆನ್ ಮಾಡಿಡಬೇಕು. ಸರ್ಕಾರದ ತಾಣಗಳ ಸರಿಯಾದ ವಿಳಾಸವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಬುಕ್‌ಮಾರ್ಕ್ ಮಾಡಿಟ್ಟರೆ ಪ್ರತಿಸಲ ಹುಡುಕುವ ಪ್ರಮೇಯವೇ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಸಾಧ್ಯವಿದ್ದವರು ವಿಂಡೋಸ್ 11ಕ್ಕೆ ಬದಲಾಗುವುದು ಒಳ್ಳೆಯದು.

ಪರದೆಯ ಮೇಲೆ ಕಾಣುವ ದೂರವಾಣಿ ಸಂಖ್ಯೆಗೆ ಯಾವ ಕಾರಣಕ್ಕೂ ಕರೆ ಮಾಡಬಾರದು. ಹಣ ಹೋಗಿದ್ದು ಕಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಟ್ಟು, ಬ್ಯಾಂಕಿಗೂ ತಿಳಿಸಬೇಕು. ಕಂಪ್ಯೂಟರ್ ಶುದ್ಧಿಗೆ ಬೇಕಾದ ಉಚಿತ ಸಾಧನಗಳು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ದೊರೆಯುತ್ತವೆ. ವಿಸ್ತರಣಾ ಕಾರ್ಯಕರ್ತರು ಹಳ್ಳಿಗಳ ತರಬೇತಿಯಲ್ಲಿ ಈ ವಿಷಯಕ್ಕೂ ಅರ್ಧ ಗಂಟೆ ಮೀಸಲಿಟ್ಟು, ಒಂದು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರೆ ರೈತರಿಗೆ ಬಹಳ ಅನುಕೂಲವಾಗುತ್ತದೆ.