ಕದ ಯಾವ ಅಂಚಿಗೆ ತೂಗಿದೆ?



ದಿನದ ಬಹುಪಾಲು ನಾನು ಕಳೆಯುವುದು ಕಿಟಕಿಯೇ ಇಲ್ಲದ ಕೋಣೆಯಲ್ಲಿ. ಟಿ.ವಿ. ಸ್ಟುಡಿಯೋಗೆ ಹೊರಗಿನ ಬೆಳಕೂ ಬೇಡ, ಸದ್ದೂ ಬೇಡ. ಅದಕ್ಕೇ ಇರಬೇಕು, ಚಿತ್ರೀಕರಣಕ್ಕೆ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಕಿಟಕಿಯ ಕಡೆ ಹೋಗುತ್ತದೆ. ಒಮ್ಮೆ ಹಿರಿಯರೊಬ್ಬರ ಸಂದರ್ಶನ ನಡೆಯುತ್ತಿದ್ದಾಗ ಗಾಳಿ ಬೀಸಿ, ಕೊಕ್ಕೆ ಹಾಕದ ಕದ ಧಡಾರನೆ ಬಡಿದು ಗಾಜು ಪುಡಿಯಾಯಿತು. ಕೊಕ್ಕೆ ಹಾಕಬೇಕಿದ್ದವನು ನಾನೇ.

ಕಿಟಕಿಯ ಕದಕ್ಕೆ ನಾಲ್ಕು ಅಂಚು. ಬಡಗಿಗಳು ಹಿಂಜಸ್ ಎನ್ನುವ ಕೀಲನ್ನು ಯಾವ ಅಂಚಿಗೆ ಕೂರಿಸಿದ್ದಾರೆ ಎಂಬುದನ್ನು ನೋಡಿದರೆ ಸಾಕು, ಆ ಕಿಟಕಿಯ ಸ್ವಭಾವವನ್ನೆಲ್ಲ ಹೇಳಬಹುದು.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಪಕ್ಕದ ಅಂಚಿಗೆ ಕೀಲಿರುವ ಕದ. ಒಳಗೆ ಸರಳುಗಳಿರುವುದರಿಂದ ಇದು ಹೊರಕ್ಕೆ ತೆರೆಯುತ್ತದೆ. ಪೂರ್ತಿ ತೆರೆದರೆ ಚೌಕಟ್ಟಿನಷ್ಟೂ ಗಾಳಿ ಒಳಗೆ ಬರುತ್ತದೆ. ಆದರೆ ಕದದ ಭಾರವೆಲ್ಲ ಒಂದೇ ಪಕ್ಕದಲ್ಲಿ ನೇತಾಡುತ್ತದೆ. ಸನ್ನೆಯ ಲೆಕ್ಕ ನಿಮಗೆ ಗೊತ್ತು. ಕದ 12 ಕಿಲೋ ತೂಗುತ್ತದೆ, ಅಗಲ 60 ಸೆಂಟಿಮೀಟರ್, ಎರಡು ಕೀಲುಗಳ ನಡುವಿನ ಅಂತರ 90 ಸೆಂಟಿಮೀಟರ್ ಎನ್ನೋಣ. ಭಾರ ಕೀಲಿನಿಂದ 30 ಸೆಂಟಿಮೀಟರ್ ದೂರದಲ್ಲಿ, ಕದದ ನಡುಮಧ್ಯದಲ್ಲಿ ಇದ್ದಂತೆ. 12ನ್ನು 30ರಿಂದ ಗುಣಿಸಿ 90ರಿಂದ ಭಾಗಿಸಿ: 4 ಬರುತ್ತದೆ. ಮೇಲಿನ ಕೀಲನ್ನು ಸದಾ 4 ಕಿಲೋ ಭಾರ ಚೌಕಟ್ಟಿನಿಂದ ಕೀಳಲು ನೋಡುತ್ತಿರುತ್ತದೆ. ಕೆಳಗಿನದನ್ನು ಅಷ್ಟೇ ಬಲ ಚೌಕಟ್ಟಿಗೆ ಒತ್ತುತ್ತಿರುತ್ತದೆ. ಹಾಗಾಗಿ ಮೊದಲು ಸಡಿಲವಾಗುವುದು ಸಾಮಾನ್ಯವಾಗಿ ಮೇಲಿನ ಕೀಲಿನ ಸ್ಕ್ರೂಗಳು. ಚಿಲಕದ ಕಡೆಯ ಮೂಲೆ ಜೋತುಬಿದ್ದು ಕೆಳಗೆ ಉಜ್ಜುತ್ತದೆ. ಮಳೆಗೆ ಮರ ಉಬ್ಬಿದೆ ಎಂದುಕೊಂಡು ಅಡಿ ಹೆರೆಸುವವರೇ ಹೆಚ್ಚು. ಕದದ ಮೇಲಂಚಿನ ಸಂದು ಚಿಲಕದ ಕಡೆಗೆ ಹೋಗುತ್ತಾ ಅಗಲವಾಗಿದ್ದರೆ ತಪ್ಪು ಮರದ್ದಲ್ಲ, ಸ್ಕ್ರೂವಿನದು.

ಗಾಳಿಯ ಬಲವೂ ಕಡಿಮೆಯೇನಲ್ಲ. ಅದೇ ಕದ 120 ಸೆಂಟಿಮೀಟರ್ ಎತ್ತರವಿದ್ದು, ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ನೇರ ಹೊಡೆದರೆ ಸುಮಾರು 4 ಕಿಲೋ ಭಾರದ ಒತ್ತಡ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಆ ದಿನ ಗಾಜು ಒಡೆದದ್ದು ಸುಮ್ಮನೆ ಅಲ್ಲ.

ಮೇಲಂಚಿಗೆ ತೂಗಿದ ಕದ ಕೆಳಗಿನಿಂದ ಹೊರಕ್ಕೆ ತೆರೆಯುತ್ತದೆ. ತೆರೆದಾಗ ತಾನೇ ಒಂದು ಪುಟ್ಟ ಸಜ್ಜಾ ಆಗುವುದರಿಂದ ಸಾಧಾರಣ ಮಳೆಯಲ್ಲೂ ಮುಚ್ಚಬೇಕಿಲ್ಲ. ಕೆಳಂಚಿಗೆ ಕೀಲಿರುವುದು ಮೇಲಿನಿಂದ ಒಳಕ್ಕೆ ಬಾಗುತ್ತದೆ. ತಣ್ಣನೆಯ ಗಾಳಿ ನೇರ ಮೈಗೆ ಬಡಿಯದೆ ಮೇಲೆ ಹೋಗುತ್ತದೆ. ಆದರೆ ಹಿಡಿದಿರುವ ಸರಪಳಿ ಕಳಚಿದರೆ ಕದ ತಲೆಯ ಮೇಲೇ! ಜರ್ಮನಿಯ ಮನೆಗಳಲ್ಲಿ ಸಾಮಾನ್ಯವಾದ ಒಂದು ಬಗೆ ಇನ್ನೂ ಜಾಣತನದ್ದು. ಹಿಡಿಯನ್ನು ಅಡ್ಡಕ್ಕೆ ತಿರುಗಿಸಿದರೆ ಕದ ಪಕ್ಕದ ಕೀಲಿನಲ್ಲಿ ಒಳಕ್ಕೆ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ಕೆಳಗಿನ ಕೀಲಿನಲ್ಲಿ ಬಾಗುತ್ತದೆ. ಎತ್ತರದ ಮಹಡಿಯಲ್ಲಿ ಹೊರಗೆ ಬಾಗದೆ ಗಾಜು ಒರೆಸಬಹುದು.

ಇನ್ನು ನಡುವೆ ಕೀಲಿರುವ ಕದ. ಬಚ್ಚಲುಮನೆಯ ಗೋಡೆಯ ಮೇಲ್ಭಾಗದ ವೆಂಟಿಲೇಟರ್ ಎಷ್ಟೋ ಕಡೆ ಇದೇ. ಎರಡೂ ಅರ್ಧ ಸಮತೂಕವಾದ್ದರಿಂದ ಒಂದು ಹಗ್ಗ ಎಳೆದರೆ ತಿರುಗುತ್ತದೆ. ಮೇಲರ್ಧ ಒಳಕ್ಕೆ, ಕೆಳಗಿನರ್ಧ ಹೊರಕ್ಕೆ. ಬಿಸಿಗಾಳಿ ಹಗುರವಾಗಿ ಮೇಲಿನ ಸಂದಿನಿಂದ ಆಚೆ ಹೋಗುತ್ತದೆ. ಕೆಳಗಿನ ಸಂದಿನಿಂದ ಹೊಸ ಗಾಳಿ ಬರುತ್ತದೆ.

ನಾನು ನೋಡಿದ ಎಷ್ಟೋ ಮನೆಗಳಲ್ಲಿ ಈ ಕದಕ್ಕೆ ಬಣ್ಣ ಮೆತ್ತಿ ಚೌಕಟ್ಟಿಗೆ ಅಂಟಿಹೋಗಿರುತ್ತದೆ. ಇಲ್ಲವೇ ಚಳಿಗೆಂದು ಪೇಪರ್ ತುರುಕಿರುತ್ತಾರೆ. ಅದೇ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಂತೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಸಿಲಿಂಡರಿನ ಅನಿಲ ಸೋರಿದರೆ ವಾಸನೆ ಬರುತ್ತದೆ. ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ತಲೆ ಸುತ್ತಿದ ಮೇಲೆ ಬಾಗಿಲ ಚಿಲಕ ತೆಗೆಯುವಷ್ಟು ಶಕ್ತಿಯೂ ಉಳಿಯದಿರಬಹುದು. ಹೀಗೆ ಜೀವ ಕಳೆದುಕೊಂಡವರಿದ್ದಾರೆ.

ಗೀಸರ್ ಇರಬೇಕಾದದ್ದು ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ. ವೆಂಟಿಲೇಟರ್ ತೆರೆದಿದೆ ಎಂಬ ಧೈರ್ಯದಿಂದ ಒಳಗಿಡುವಂತಿಲ್ಲ. ನಿಮ್ಮ ಮನೆಯದು ಒಳಗೇ ಇದ್ದರೆ ಈ ಸಂಜೆಯೇ ಅಪ್ಪ ಅಮ್ಮನಿಗೆ ತಿಳಿಸಿ. ಹಾಗೆಯೇ ಆ ಹಗ್ಗವನ್ನೂ ಒಮ್ಮೆ ಎಳೆದು ನೋಡಿ. ಕದ ಅಲುಗದಿದ್ದರೆ ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಅಂಚಿನ ಬಣ್ಣ ಕೆರೆದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.