ಮಗುವಿನ ಮೊದಲ ಬಯಲಾಟ

ದೀಪಾವಳಿ ಕಳೆದು ಗದ್ದೆಗಳ ಕೊಯ್ಲು ಮುಗಿಯುತ್ತ ಬಂದಂತೆ ನಮ್ಮ ಕರಾವಳಿಯಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟುತ್ತವೆ. ಅಲ್ಲಿಂದ ಮೇ ತಿಂಗಳ ಪತ್ತನಾಜೆಯವರೆಗೆ ಊರೂರಿನಲ್ಲಿ ಚೆಂಡೆಯ ಸದ್ದು. ಘಟ್ಟದ ಮೇಲಿನ ಪಟ್ಟಣಗಳಲ್ಲಿಯೂ ಈಗ ಸಭಾಭವನಗಳಲ್ಲಿ ಆಟಗಳಾಗುತ್ತವೆ. ಆಟಕ್ಕೆ ಹೊರಟ ಮನೆಯಲ್ಲಿ ಎರಡು ಮೂರು ವರ್ಷದ ಕೂಸೊಂದಿದ್ದರೆ ಆ ಸಂಜೆ ಒಂದು ಚರ್ಚೆ ತಪ್ಪಿದ್ದಲ್ಲ. “ಇಷ್ಟು ಸಣ್ಣದಕ್ಕೆ ಏನು ತಿಳಿದೀತು?” ಎಂದು ತಂದೆ. “ನಿದ್ದೆ ಕೆಟ್ಟರೆ ನಾಳೆ ಯಾರು ಸುಧಾರಿಸುವವರು?” ಎಂದು ತಾಯಿ. “ನಾವೆಲ್ಲ ಚಾಪೆಯ ಮೇಲೆ ಮಲಗಿಕೊಂಡೇ ಆಟ ನೋಡಿ ದೊಡ್ಡವರಾಗಲಿಲ್ಲವೇ?” ಎಂದು ಅಜ್ಜಿ. ಮೂವರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದರೆ ಮೂವರೂ ಎತ್ತದ ಪ್ರಶ್ನೆಯೊಂದಿದೆ. ನನಗೆ ಅದೇ ಮುಖ್ಯವಾದುದೆಂದು ತೋರುತ್ತದೆ. ರಂಗದ ಮೇಲೆ ರಾಕ್ಷಸನು ಬಂದಾಗ ಮಗುವು ಯಾರ ಕಡೆಗೆ ತಿರುಗುವುದು? ತಿರುಗಿದಾಗ ಅದಕ್ಕೆ ಏನು ದೊರೆಯುವುದು?

ಮೊದಲು ತಂದೆಯ ಮಾತನ್ನು ಎತ್ತಿಕೊಳ್ಳೋಣ. ಮಗುವಿಗೆ ಏನು ತಿಳಿದೀತು? ಪ್ರಸಂಗದ ಕಥೆ ತಿಳಿಯದು, ಅರ್ಥಗಾರಿಕೆಯ ವಾದ ತಿಳಿಯದು, ಶ್ಲೇಷೆಯಂತೂ ತಿಳಿಯದು. ಆದರೆ ಆಟವೆಂಬುದು ಇಷ್ಟೇ ಅಲ್ಲವಷ್ಟೆ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ ಬೇಡಿದ್ದು ಕಣ್ಣಿಗೂ ಕಿವಿಗೂ ಒದಗುವಂಥ ಒಂದು ಆಟದ ವಸ್ತುವನ್ನು. ಭರತಮುನಿ ಅಲ್ಲಿ ಬಳಸಿದ ಪದ ‘ಕ್ರೀಡನೀಯಕ’. ನಮ್ಮ ಮಾತಿನಲ್ಲಿ ಹೇಳುವುದಾದರೆ ಆಟಿಕೆ. ನಾವೂ ಕನ್ನಡದಲ್ಲಿ ಯಕ್ಷಗಾನವನ್ನು ‘ಆಟ’ವೆಂದೇ ಕರೆಯುತ್ತೇವೆ. ಆಟಿಕೆಯನ್ನು ಕಂಡು ಮಗು ಕೈಚಾಚುವುದಕ್ಕೆ ಅದರ ಅರ್ಥ ತಿಳಿದಿರಬೇಕಾದುದಿಲ್ಲ. ಅದೇ ಗ್ರಂಥದಲ್ಲಿ ಮುಂದೆ ಯಾವ ಯಾವ ಪ್ರೇಕ್ಷಕರಿಗೆ ಯಾವುದು ಪ್ರಿಯವೆಂದು ಹೇಳುವಾಗ, ಮಕ್ಕಳಿಗೆ ಹಾಸ್ಯವೂ ವೇಷಭೂಷಣವೂ ಮೆಚ್ಚುಗೆಯಾಗುತ್ತವೆಂಬ ಮಾತು ಬಂದಿದೆ. ಎಂದರೆ ಭರತನ ಕಾಲದ ನಾಟ್ಯಗೃಹದಲ್ಲಿಯೂ ಮಕ್ಕಳು ಕುಳಿತಿದ್ದರು; ಶಾಸ್ತ್ರಕಾರನು ಅವರನ್ನು ಹೊರಗಟ್ಟಲಿಲ್ಲ, ಲೆಕ್ಕಕ್ಕೆ ತೆಗೆದುಕೊಂಡನು.

ಇನ್ನೊಂದು ಮಾತನ್ನು ಕನ್ನಡ ಪಾಠ ಹೇಳುವವನಾಗಿ ಹೇಳುತ್ತೇನೆ. ಯಕ್ಷಗಾನದ ಪ್ರಸಂಗಗಳಲ್ಲಿ ಭಾಮಿನಿ, ವಾರ್ಧಕ ಷಟ್ಪದಿಗಳು ಹೇರಳವಾಗಿವೆ. ತರಗತಿಯಲ್ಲಿ ಕುಮಾರವ್ಯಾಸನನ್ನು ಓದಿಸುವಾಗ, ಚಿಕ್ಕಂದಿನಲ್ಲಿ ಭಾಗವತರ ಹಾಡಿಗೆ ನಿದ್ದೆಹೋದ ಹುಡುಗನು ಪದ್ಯವನ್ನು ತಪ್ಪದೆ ಲಯದಲ್ಲಿ ಹಿಡಿಯುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅವನಿಗೆ ಗಣ ವಿಭಾಗ ಬಾರದಿರಬಹುದು. ಕಿವಿಗೆ ಮಾತ್ರ ಅದು ಹಳೆಯ ನೆಂಟ. ತಂದೆಯ ಪ್ರಶ್ನೆಗೆ ಇಷ್ಟು ಉತ್ತರ ಸಾಕು.

ತಾಯಿಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಸಲಹೆಯಂತೆ ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆಗಳ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆಗಳ ನಿದ್ದೆ ಬೇಕು. ಬೆಳಗಿನವರೆಗಿನ ಆಟಕ್ಕೂ ಈ ಲೆಕ್ಕಕ್ಕೂ ಹೊಂದದು. ಅಜ್ಜಿಯ ಕಾಲದಲ್ಲಿ ಮಗು ಚಾಪೆಯ ಮೇಲೆ ಮಲಗುತ್ತಿತ್ತು ಎಂಬುದು ನಿಜ. ಆದರೆ ಆಗ ಬಯಲಿನಲ್ಲಿ ಧ್ವನಿವರ್ಧಕಗಳು ಇರಲಿಲ್ಲ. ಈಗ ನಡುರಾತ್ರಿಯೊಳಗೆ ಮುಗಿಯುವ ‘ಕಾಲಮಿತಿ’ಯ ಆಟಗಳು ಬಹಳವಾಗಿವೆ, ಅದು ಚಿಕ್ಕ ಮಕ್ಕಳ ಮನೆಗಳಿಗೆ ಒಂದು ಅನುಕೂಲ. ಅದಕ್ಕಿಂತಲೂ ದೊಡ್ಡ ಅನುಕೂಲವೆಂದರೆ, ಆಟವನ್ನು ಪೂರ್ತಿ ನೋಡಲೇಬೇಕೆಂಬ ಹಟವನ್ನು ನೀವು ಮನೆಯಲ್ಲಿಯೇ ಬಿಟ್ಟು ಬರುವುದು.

ಪೂರ್ವರಂಗವನ್ನು ಉಳಿಸಿಕೊಂಡಿರುವ ಮೇಳಗಳ ಆಟವಾದರೆ ಆರಂಭಕ್ಕೇ ಹೋಗಿರಿ. ಮೊದಲಿಗೆ ಕೋಡಂಗಿಗಳು ಬರುತ್ತವೆ, ಅನಂತರ ಬಾಲಗೋಪಾಲರು. ಇವು ಹೊಸದಾಗಿ ಮೇಳಕ್ಕೆ ಸೇರಿದ ಕಲಿಕೆಯವರು ಕಾಲು ಪಳಗಿಸಿಕೊಳ್ಳುವ ವೇಷಗಳು; ಕೆಲವೊಮ್ಮೆ ಹುಡುಗರೇ ಇರುತ್ತಾರೆ. ಹಳಬರಾದ ಪ್ರೇಕ್ಷಕರು ಈ ಹೊತ್ತಿನಲ್ಲಿ ಕಡಲೆ ಕೊಳ್ಳುತ್ತ ಹೊರಗೆ ನಿಂತಿರುತ್ತಾರೆ. ನಿಮ್ಮ ಮಗುವಿಗಾದರೋ ಇದಕ್ಕಿಂತ ತಕ್ಕ ಆಟ ಬೇರೆಯಿಲ್ಲ. ಅಬ್ಬರವಿಲ್ಲದ ಕುಣಿತ, ಹೊಳೆಯುವ ಕಿರೀಟ, ಗೆಜ್ಜೆ. ಒಂದು ಗಂಟೆ ಇದನ್ನು ನೋಡಿ ಮಗುವು ಕಣ್ಣುಜ್ಜಿಕೊಂಡರೆ, ಅದರ ಪಾಲಿನ ಆಟ ಮುಗಿಯಿತೆಂದು ತಿಳಿದು ಎದ್ದುಬನ್ನಿ.

ಇನ್ನು ರಾಕ್ಷಸನ ವಿಷಯ. ತೆಂಕುತಿಟ್ಟಿನ ಬಣ್ಣದ ವೇಷವನ್ನು ಬಲ್ಲವರಿಗೆ ನಾನು ವರ್ಣಿಸಬೇಕಾಗಿಲ್ಲ. ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಒಂದೊಂದಾಗಿ ಇಟ್ಟು ಗಂಟೆಗಟ್ಟಲೆ ಬರೆದ ಮುಖ, ಹೆಗಲನ್ನು ಮೀರಿದ ಕಿರೀಟ, ತೆರೆಯ ಹಿಂದಿನಿಂದ ಅಟ್ಟಹಾಸ. ದೇವೀ ಮಹಾತ್ಮೆಯ ಪ್ರಸಂಗದಲ್ಲಂತೂ ಮಹಿಷಾಸುರನು ದೊಂದಿಗಳ ಬೆಳಕಿನಲ್ಲಿ ಜನರ ನಡುವಿನಿಂದಲೇ ನುಗ್ಗಿ ಬರುತ್ತಾನೆ. ದೊಡ್ಡವರಿಗೇ ಒಂದು ಕ್ಷಣ ಎದೆ ಝಲ್ಲೆನ್ನುತ್ತದೆ. ಆ ಮೇಲೆ ನಗುತ್ತಾರೆ. ಮಗುವಿಗೆ ‘ಆ ಮೇಲೆ’ ಎಂಬುದಿಲ್ಲ.

ಏಕಿಲ್ಲ? 1969ರಲ್ಲಿ ಪ್ರಕಟವಾದ, ರೀಟಾ ಡಿವ್ರೀಸ್ ಎಂಬ ಅಮೆರಿಕದ ಶಿಕ್ಷಣತಜ್ಞೆಯ ಒಂದು ಅಧ್ಯಯನ ಇಲ್ಲಿ ನೆನೆಯತಕ್ಕದ್ದು. ಆಕೆ ಮೇನಾರ್ಡ್ ಎಂಬ ಸಾಧು ಬೆಕ್ಕನ್ನು ಮೂರರಿಂದ ಆರು ವರ್ಷದ ಮಕ್ಕಳಿಗೆ ತೋರಿಸಿ ಮುಟ್ಟಿಸಿದಳು. ಬಳಿಕ ಅದರ ತಲೆಯ ಭಾಗವನ್ನು ಮರೆಮಾಡಿ, ಹಿಂಭಾಗ ಮಕ್ಕಳಿಗೆ ಕಾಣುತ್ತಿರುವಂತೆಯೇ, ಮುಖಕ್ಕೆ ನಾಯಿಯ ಮುಖವಾಡವನ್ನು ತೊಡಿಸಿದಳು. ಮೂರು ವರ್ಷದವರಲ್ಲಿ ಅನೇಕರು ಬೆಕ್ಕು ನಾಯಿಯಾಯಿತೆಂದೇ ನಂಬಿದರು. ಆರು ವರ್ಷದ ಮಕ್ಕಳು ಬಹುಮಟ್ಟಿಗೆ, ಮುಖ ಬದಲಾದರೂ ಬೆಕ್ಕು ಬೆಕ್ಕೇ ಎಂದರು. ನಮ್ಮ ವಿಷಯಕ್ಕೆ ಇದರಿಂದ ದೊರೆಯುವ ಬೆಳಕು ಬಹಳ. ಆರು ವರ್ಷದ ಹುಡುಗನಿಗೆ ನೀವು “ಅವರು ನಮ್ಮ ಪಕ್ಕದ ಊರಿನ ಮಾಮನಪ್ಪಾ, ಬಣ್ಣ ಹಚ್ಚಿಕೊಂಡಿದ್ದಾರೆ” ಎಂದರೆ ಸಮಾಧಾನವಾಗುತ್ತದೆ. ಮೂರು ವರ್ಷದ ಮಗುವಿಗೆ ಈ ಸಮಾಧಾನ ಮುಟ್ಟುವುದಿಲ್ಲ. ಅದರ ಎಣಿಕೆಯಲ್ಲಿ ಮಾಮನಾಗಿದ್ದವನು ಈಗ ರಾಕ್ಷಸನಾಗಿದ್ದಾನೆ. ಅದು ಇನ್ನೂ ಭಯಂಕರ!

ಮಕ್ಕಳನ್ನು ಚೌಕಿಗೆ ಕರೆದೊಯ್ದು ಬಣ್ಣ ಬರೆಯುವುದನ್ನು ತೋರಿಸುವ ಪದ್ಧತಿಯುಂಟು. ಒಳ್ಳೆಯದೇ. ಗಣಪತಿಯ ಪೂಜೆ ನಡೆಯುವ ಸ್ಥಳ ಅದು. ಕಲಾವಿದರ ಅನುಮತಿ ಪಡೆದು, ಸದ್ದಿಲ್ಲದೆ ನಿಂತು ನೋಡಿ ಬರಬೇಕು. ಆದರೆ ಅದರಿಂದ ಪ್ರಯೋಜನವಾಗುವುದು ತುಸು ದೊಡ್ಡ ಮಕ್ಕಳಿಗೆ. ತೀರ ಎಳೆಯ ಮಗುವನ್ನು ಕಾಯುವುದು ವಿವರಣೆಯಲ್ಲ, ಮಡಿಲು.

ನಮ್ಮ ಆಲಂಕಾರಿಕರು ಇದನ್ನು ಬೇರೊಂದು ದಾರಿಯಿಂದ ಕಂಡುಕೊಂಡಿದ್ದರು. ಭಯವೆಂಬುದು ಸ್ಥಾಯೀಭಾವ, ಭಯಾನಕವೆಂಬುದು ರಸ. ಹುಲಿಯ ಮುಂದೆ ನಿಂತವನಿಗಿರುವುದು ಭಯ. ರಂಗದ ಮೇಲೆ ಹುಲಿಯನ್ನು ಕಂಡವನಿಗೆ ಆಗುವುದು ರಸಾಸ್ವಾದ. ‘ಇದು ನನಗೆ ಆಗುತ್ತಿರುವುದಲ್ಲ’ ಎಂಬ ತಿಳಿವು ಒಳಗೆ ಇದ್ದರೆ ಮಾತ್ರ ಭಯವು ರಸವಾಗುತ್ತದೆ. ಅಭಿನವಗುಪ್ತನು ರಸಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುವಾಗ, ಪ್ರೇಕ್ಷಕನು ತನ್ನದೇ ಸುಖದುಃಖಗಳಿಗೆ ವಶನಾಗಿರುವುದನ್ನು ಒಂದು ವಿಘ್ನವೆಂದು ಎಣಿಸಿದ್ದಾನೆ. ಎಳೆಯ ಮಗುವು ಈ ವಿಘ್ನದಲ್ಲಿಯೇ ವಾಸಮಾಡುತ್ತದೆ. ಅದರ ಪಾಲಿಗೆ ಮಹಿಷಾಸುರನು ದೇವಿಯನ್ನು ಅರಸಿ ಬಂದವನಲ್ಲ, ತನ್ನನ್ನೇ ಅರಸಿ ಬಂದವನು.

ಆಗ ಅದು ತಿರುಗಿ ನಿಮ್ಮ ಮುಖವನ್ನು ನೋಡುತ್ತದೆ. ಈ ಒಂದು ಕ್ಷಣಕ್ಕಾಗಿಯೇ ನಾನು ಇಷ್ಟೆಲ್ಲ ಹೇಳಿದ್ದು. ನಮ್ಮಲ್ಲಿ ಕೆಲವರು ಆ ಹೊತ್ತಿನಲ್ಲಿ ನಗುತ್ತಾರೆ. ಕೆಲವರು ಮಗುವನ್ನು ಎತ್ತಿ ರಂಗದ ಕಡೆಗೆ ಹಿಡಿದು “ಕೊಟ್ಟುಬಿಡಲೇ?” ಎನ್ನುತ್ತಾರೆ. “ಊಟ ಮಾಡದಿದ್ದರೆ ಇವನು ಬಂದು ಹಿಡಿದುಕೊಂಡು ಹೋಗುತ್ತಾನೆ” ಎಂದು ಆ ರಾಕ್ಷಸನನ್ನು ಮನೆಗೂ ಕರೆತಂದು ಆರು ತಿಂಗಳ ಕಾಲ ಅಡಿಗೆಮನೆಯಲ್ಲಿ ದುಡಿಸಿಕೊಳ್ಳುವವರೂ ಇದ್ದಾರೆ. ಇದರಲ್ಲಿ ಕೆಟ್ಟ ಮನಸ್ಸು ಯಾರಿಗೂ ಇಲ್ಲವೆಂದು ಬಲ್ಲೆ. ಆದರೆ ಮಗುವು ಕಲಿಯುವ ಪಾಠವೇನು? ತನ್ನನ್ನು ಹಿಡಿದ ಕೈಗಳು ರಾಕ್ಷಸನ ಪಕ್ಷದವು ಎಂಬುದು. ರಾಕ್ಷಸನ ಭಯ ನಾಲ್ಕು ದಿನದಲ್ಲಿ ಮರೆಯಬಹುದು. ಈ ಪಾಠ ಅಷ್ಟು ಬೇಗ ಮರೆಯುವುದಿಲ್ಲ. ಅದಕ್ಕೆ ಬದಲಾಗಿ ಮಗುವಿನ ಬೆನ್ನ ಮೇಲೆ ಕೈಯಿಟ್ಟು, “ನಾನಿದ್ದೇನೆ, ಕಣ್ಣು ಮುಚ್ಚಿಕೋ, ಬೇಕಾದರೆ ನೋಡು” ಎಂದರೆ, ಬೆರಳ ಸಂದಿನಿಂದ ಅದು ನೋಡೇ ನೋಡುತ್ತದೆ. ರಸದ ಮೊದಲ ಹನಿ ಆ ಬೆರಳ ಸಂದಿನಿಂದಲೇ ಒಳಗಿಳಿಯುವುದು. ಅಷ್ಟಾದರೂ ಅಳು ನಿಲ್ಲದಿದ್ದರೆ ಎದ್ದು ದೂರ ಬನ್ನಿ. ಅದು ಮಗುವಿಗೂ ಹಿತ, ಆಟ ನೋಡುವ ನಾಲ್ಕು ಜನರಿಗೂ ಹಿತ.

ಇದು ನಮ್ಮ ಬಯಲಾಟಕ್ಕೆ ಮಾತ್ರ ಸೇರಿದ ಮಾತಲ್ಲ. ಮಕ್ಕಳು ವಿದೇಶದಲ್ಲಿ ನೆಲಸಿರುವ ಮನೆಗಳು ಈಗ ನಮ್ಮ ಪಟ್ಟಣಗಳಲ್ಲಿ ಬೇಕಾದಷ್ಟು. ಮೊಮ್ಮಗುವನ್ನು ನೋಡಿಕೊಳ್ಳಲೆಂದು ಅಲ್ಲಿಗೆ ಹೋದ ಅಜ್ಜ ಅಜ್ಜಿಯರು ಡಿಸೆಂಬರ್ ತಿಂಗಳಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ನಟ್‌ಕ್ರ್ಯಾಕರ್’ ಎಂಬ ಬ್ಯಾಲೆಗೆ ಹೋಗುವುದುಂಟು. ಮಾತಿಲ್ಲದೆ ಕುಣಿತ ವಾದ್ಯಗಳಿಂದಲೇ ಕಥೆ ಹೇಳುವ ನೃತ್ಯರೂಪಕ ಅದು. ಚೈಕೋವ್‌ಸ್ಕಿಯ ಸಂಗೀತದೊಂದಿಗೆ 1892ರ ಡಿಸೆಂಬರ್‌ನಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಮರೀನ್‌ಸ್ಕಿ ರಂಗಮಂದಿರದಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಅಲ್ಲಿನ ನೃತ್ಯಶಾಲೆಯ ಮಕ್ಕಳೂ ಅದರಲ್ಲಿ ಕುಣಿದಿದ್ದರು. ಹಬ್ಬದ ರಾತ್ರಿ ಹುಡುಗಿಯೊಬ್ಬಳಿಗೆ ದೊರೆತ ಬೊಂಬೆಗೂ ಇಲಿಗಳ ರಾಜನಿಗೂ ಕತ್ತಲಲ್ಲಿ ಯುದ್ಧ ನಡೆಯುತ್ತದೆ. ಆ ಇಲಿರಾಜನೇ ಅಲ್ಲಿನ ಬಣ್ಣದ ವೇಷ! ಅಲ್ಲಿಯೂ ಎಳೆಯರು ಅವನನ್ನು ಕಂಡು ಮುಖ ಮುಚ್ಚಿಕೊಳ್ಳುವುದುಂಟು. ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಸಂಸ್ಥೆಯವರು 2012ರಲ್ಲಿ, ಮೂರು ವರ್ಷದ ಮಕ್ಕಳೂ ಬರಬಹುದಾದ ‘ನನ್ನ ಮೊದಲ ಬ್ಯಾಲೆ’ ಎಂಬ ಮಾಲೆಯನ್ನು ಆರಂಭಿಸಿದರು. ಆಟವನ್ನು ಚಿಕ್ಕದು ಮಾಡಿ, ಕಥೆ ಹೇಳುವವರೊಬ್ಬರನ್ನು ರಂಗದ ಮೇಲೆ ತಂದರು. ನಮ್ಮ ಭಾಗವತರು ಮಾಡುವ ಕೆಲಸವನ್ನೇ ಅಲ್ಲಿ ಮಕ್ಕಳಿಗಾಗಿ ಏರ್ಪಡಿಸಿದಂತಾಯಿತು.

ನಮ್ಮಲ್ಲಿ ಯಕ್ಷಗಾನವನ್ನೂ ಬ್ಯಾಲೆಯನ್ನೂ ಒಂದು ಮಾಡಿ ನೋಡಿದವರು ಶಿವರಾಮ ಕಾರಂತರು. ಅರ್ಥಗಾರಿಕೆಯನ್ನು ತೆಗೆದು, ಪಿಟೀಲು ಸ್ಯಾಕ್ಸೊಫೋನುಗಳನ್ನು ಸೇರಿಸಿ, ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿ, ಕನ್ನಡ ಬಾರದವರ ಮುಂದೆಯೂ ಅದನ್ನು ಆಡಿಸಿದರು. ಅದರ ಗುಣದೋಷಗಳನ್ನು ಕುರಿತು ಬಲ್ಲವರಲ್ಲಿ ವಾದಗಳಾಗಿವೆ. ಆ ಜಗಳ ನಮಗೆ ಇಲ್ಲಿ ಬೇಡ. ಎಳೆಯರಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು 1936ರಲ್ಲಿಯೇ ಹೊರತಂದವರೂ ಅವರೇ. ಮಾತು ತಿಳಿಯದವನಿಗೂ ಆಟವು ದಕ್ಕೀತು ಎಂಬ ಅವರ ನಂಬಿಕೆಯು ಮಾತು ಬಾರದ ಕೂಸಿನ ವಿಷಯದಲ್ಲಿಯೂ ನಿಜವಾದುದೇ ಸರಿ.

ಹೊರಡುವ ಮೊದಲು ಕೆಲವು ಸಣ್ಣ ವಿಷಯಗಳು. ಮಧ್ಯಾಹ್ನ ಮಗುವನ್ನು ಚೆನ್ನಾಗಿ ಮಲಗಿಸಿರಿ. ಕಥೆಯನ್ನು ನಾಲ್ಕು ಮಾತಿನಲ್ಲಿ ಮೊದಲೇ ಹೇಳಿರಿ. ಕೊನೆಯಲ್ಲಿ ರಾಕ್ಷಸನು ಸೋಲುವನೆಂಬುದನ್ನೂ ಬಚ್ಚಿಡದೆ ಹೇಳಿಬಿಡಿರಿ. ಚೆಂಡೆಯಿಂದಲೂ ಧ್ವನಿವರ್ಧಕದಿಂದಲೂ ದೂರವಾಗಿ, ಏಳುವುದಕ್ಕೆ ದಾರಿಯಿರುವ ಅಂಚಿನಲ್ಲಿ ಕುಳಿತುಕೊಳ್ಳಿರಿ. ಚಾಪೆ, ಶಾಲು, ತಿನ್ನಲು ಏನಾದರೂ ಜೊತೆಗಿರಲಿ. ಅಳು ಬಂದಾಗ ಮೊಬೈಲನ್ನು ಕೈಗೆ ಕೊಟ್ಟು ಕೂರಿಸುವುದಾದರೆ ಮನೆಯಲ್ಲಿಯೇ ಇರಬಹುದಿತ್ತು. ಟಿಕೆಟಿನ ಹಣ ವ್ಯರ್ಥವಾಯಿತೆಂಬ ಮಾತನ್ನು ಮಗುವಿನ ಕಿವಿಯ ಮೇಲೆ ಹಾಕಬೇಡಿರಿ.

ಇಷ್ಟೆಲ್ಲ ಆಗಿ, ಆಟದ ಫಲ ಕಾಣುವುದು ಮರುದಿನ. ಮಗುವು ಟವೆಲನ್ನು ತಲೆಗೆ ಸುತ್ತಿಕೊಂಡು, ಅಮ್ಮನ ಸೀರೆಯ ಸೆರಗನ್ನು ತೆರೆಯಾಗಿ ಹಿಡಿದು, ಬಾಗಿಲ ಮರೆಯಿಂದ ಒಮ್ಮೆ ಘರ್ಜಿಸೀತು. ನಿನ್ನೆ ಮಡಿಲಲ್ಲಿ ಮುಖ ಹುದುಗಿಸಿದವನು ಇಂದು ತಾನೇ ಬಣ್ಣದ ವೇಷ. ಕೈಯಲ್ಲಿ ಎಷ್ಟೇ ಕೆಲಸವಿದ್ದರೂ ಒಂದು ಗಳಿಗೆ ನಿಲ್ಲಿಸಿ, ನೀವು ಚೆನ್ನಾಗಿ ಹೆದರಿಕೊಳ್ಳಿರಿ.